ಪಲ್ಯಕ್ಕೆ ಎಷ್ಟು ಉಪ್ಪು

ನಮ್ಮ ಪ್ರಸಾದ ನಿಲಯದ ಅಡುಗೆಮನೆಗೆ ಹೊಸದಾಗಿ ಸೇರಿದವರು ನನ್ನನ್ನು ಸುರಪುರದ ಬಜಾರಿನಲ್ಲಿ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ. ಅಷ್ಟು ಹುಡುಗರಿಗೆ ಸೊಪ್ಪಿನ ಪಲ್ಯ ಮಾಡುವಾಗ ಉಪ್ಪು ಎಷ್ಟು ಹಾಕಬೇಕು? ನಾನು ಏನೋ ಒಂದು ಹೇಳಿ ಪಾರಾಗುತ್ತೇನೆ. ಮನೆಗೆ ಬಂದ ಮೇಲೆ, ಹೇಳಿದ್ದು ಹೆಚ್ಚಾಯಿತೇನೋ ಎಂದು ಚಿಂತೆ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ, ಕಡಿಮೆಯಾಯಿತೇನೋ ಎಂದು ಇನ್ನೊಂದು ಚಿಂತೆ. ಅಡುಗೆ ನನ್ನ ಹೊಟ್ಟೆಪಾಡಾಗಿತ್ತು. ಚಿಂತೆ ಮಾಡುವುದು ಖಾಸಾ ಕಸುಬು. ಮೊದಲನೆಯದರಿಂದ ಮಾತ್ರ ನಿವೃತ್ತನಾಗಿದ್ದೇನೆ.

ಹಾಗಾಗಿ ಒಮ್ಮೆ ಕೂತು ಬರೆದುಬಿಡೋಣ ಎನಿಸಿತು. ಕೂದಲು ಇನ್ನೂ ಅರ್ಧ ಕರಿದಿರುವಾಗಲೇ ಕೆಲಸ ಬಿಟ್ಟವನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದು ಓದುವವರಿಗೆ ಬಿಟ್ಟದ್ದು. ಒಂದು ಮಾತು ಮೊದಲೇ ಹೇಳುತ್ತೇನೆ. ನನ್ನ ಇಡೀ ನೌಕರಿ ಎರಡರ ಮೇಲೆ ನಿಂತಿತ್ತು. ಒಂದು, ಉಪ್ಪು ಹಾಕುವ ನನ್ನ ಬಲಗೈ. ಇನ್ನೊಂದು, ದೇವಾಪುರದ ಭೀಮವ್ವನ ಸೊಪ್ಪಿನ ಹೊಲ. ಎರಡರಲ್ಲಿ ಒಂದು ಕೆಡುತ್ತಿದೆ ಎಂದು ಗೊತ್ತಾಯಿತು, ಯಾವುದೆಂದು ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಏನೂ ಮಾಡಲಾಗಲಿಲ್ಲ. ಇದರಲ್ಲಿ ಕಲಿಯುವುದಕ್ಕೆ ಏನಿದೆ ಎಂದು ಕೇಳಿದರೆ, ನನಗೂ ಅದೇ ಅನುಮಾನ.

ನಾನು ರಾಮಸಮುದ್ರದವನು. ಮೀಸೆ ಮೂಡುವ ವಯಸ್ಸಿಗೆ ಸುರಪುರದ ಮಠವೊಂದರ ಪ್ರಸಾದ ನಿಲಯಕ್ಕೆ ಬಂದೆ. ಹಳ್ಳಿಗಳಿಂದ ಓದಲು ಬಂದ ಹುಡುಗರಿಗೆ ಅಲ್ಲಿ ಊಟ, ವಸತಿ. ಅಡುಗೆಗೆ ಗುರುಲಿಂಗಜ್ಜ ಇದ್ದರು. ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಆಳುದ್ದದ ಕಟ್ಟಿಗೆಯ ಹುಟ್ಟು. ಮೊದಲ ದಿನವೇ ನನಗೆ ಅಲ್ಲಿನ ಕಟ್ಟಳೆ ಹೇಳಿದರು. ಬೆಂದದ್ದನ್ನು ಮೊದಲು ಗದ್ದುಗೆಗೆ, ಅಂದರೆ ಮಠದ ಹಿರಿಯರ ಸಮಾಧಿಗೆ, ಎಡೆ ತೋರಿಸಬೇಕು. ಎಡೆ ತೋರಿಸುವ ತನಕ ಅಡುಗೆಯವನು ಯಾವುದನ್ನೂ ನಾಲಿಗೆಗೆ ಹಚ್ಚಿ ನೋಡುವಂತಿಲ್ಲ. ಎಡೆಯಾದ ಕೂಡಲೇ ಹುಡುಗರ ಪಂಕ್ತಿ ಕೂರುತ್ತದೆ. ಅಡುಗೆಯವನು ಉಣ್ಣುವುದು ಎಲ್ಲರದೂ ಮುಗಿದ ಮೇಲೆ. ಅಂದರೆ ತಪ್ಪು ನಮಗೆ ತಿಳಿಯುವ ಹೊತ್ತಿಗೆ ಅದು ಊರಿನ ಹೊಟ್ಟೆಯಲ್ಲಿರುತ್ತದೆ.

"ಮತ್ತ ಉಪ್ಪು ಹೆಂಗ ತಿಳೀತದ್ರಿ ಅಜ್ಜಾ?" ಎಂದೆ.

"ಕಣ್ಣದಾವಲ್ಲ. ಮೂಗದ. ಕೈ ಅದ. ನಾಲಿಗಿ ಒಂದ ಇಟ್ಕೊಂಡು ಹುಟ್ಟೀಯೇನು?"

ಕಣ್ಣು, ಮೂಗು, ಕೈ ಎಲ್ಲ ಇದ್ದರೂ ಮೊದಲ ವಾರದಲ್ಲೇ ನಾನು ಕೆಡಿಸಿದೆ. ರಾಜಗಿರಿ ಸೊಪ್ಪು ಬಂದಿತ್ತು. ಹೆಚ್ಚಿ ಕೊಪ್ಪರಿಗೆಗೆ ಸುರಿದರೆ ಅಂಚು ಮೀರಿ ಗುಡ್ಡದ ಹಾಗೆ ನಿಂತಿತು. ಗುಡ್ಡಕ್ಕೆ ತಕ್ಕ ಉಪ್ಪು ಹಾಕಿದೆ. ಅಜ್ಜ ಸಂಡಿಗೆ ನೋಡಲು ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಗುಡ್ಡ ಕರಗಿ ಕೊಪ್ಪರಿಗೆಯ ತಳಕ್ಕೆ ಅಂಟಿಕೊಂಡಿತ್ತು. ಉಪ್ಪು ಮಾತ್ರ ಹಾಕಿದಷ್ಟೇ ಇತ್ತು. ಹುಡುಗರು ಅವತ್ತು ಊಟಕ್ಕಿಂತ ನೀರು ಹೆಚ್ಚು ಕುಡಿದರು.

"ಮಲ್ಲ್ಯಾ, ನೀ ಪಲ್ಯಾ ಮಾಡಿಲ್ಲ, ಉಪ್ಪಿನಕಾಯಿ ಹಾಕೀದಿ," ಎಂದರು ಅಜ್ಜ. "ಒಂದು ವರ್ಷ ಇಟ್ರೂ ಕೆಡಾಂಗಿಲ್ಲ. ಮ್ಯಾಲ ಅಟ್ಟದಾಗ ಇಡು."

ಅದೇ ನನ್ನ ಮೊದಲ ಪಾಠ, ನಿಮಗೂ ಅದೇ. ರಾಶಿ ನೋಡಿ ಉಪ್ಪು ಹಾಕಬೇಡಿ. ಸೊಪ್ಪು ಕುಗ್ಗಲಿ. ತನ್ನ ನೀರು ತಾನು ಬಿಟ್ಟು, ಆ ನೀರು ಅರ್ಧ ಇಂಗಿ, ಕೊತಕೊತ ಸದ್ದು ಹೋಗಿ ಚುರುಚುರು ಸದ್ದು ಬಂದಾಗ ಹಾಕಿ. ಅಲ್ಲಿ ತನಕ ಉಪ್ಪಿನ ಡಬ್ಬಿಯಿಂದ ದೂರ ನಿಲ್ಲಿ.

ಆಗಿನ ಕಾಲಕ್ಕೆ ಸೊಪ್ಪನ್ನು ಯಾರೂ ಬೆಳೆಯುತ್ತಿರಲಿಲ್ಲ, ಅದು ಬರುತ್ತಿತ್ತು. ಜೋಳದ ಸಾಲಿನಲ್ಲಿ ಹಕ್ಕರಕಿ, ತೊಗರಿಯ ಬುಡದಲ್ಲಿ ಗೋಳಿ, ಬದುವಿನ ಮೇಲೆ ಪುಂಡಿ, ಬಿತ್ತಿದ ಕಡಲೆಯ ಎಳೆಯ ಕುಡಿ, ಎಳೆಯ ಕುಸುಬಿ. ಕಳೆ ತೆಗೆಯಲು ಹೋದ ಹೆಂಗಸರು ಉಡಿ ತುಂಬಿಕೊಂಡು ಬರುತ್ತಿದ್ದರು. ನಿಲಯಕ್ಕೆ ತರುತ್ತಿದ್ದವಳು ದೇವಾಪುರದ ಭೀಮವ್ವ. ನನಗಿಂತ ಸ್ವಲ್ಪ ದೊಡ್ಡವಳು, ಗಂಡ ತೀರಿಕೊಂಡಿದ್ದ, ತಗ್ಗಿನಲ್ಲಿ ಒಂದು ತುಂಡು ಹೊಲ ಇತ್ತು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡವಳಿಗೆ ನಮ್ಮ ಎಡೆಯ ಕಟ್ಟಳೆ ದಿನದ ತಮಾಷೆ.

"ನಿಮ್ಮ ಗದ್ದಿಗ್ಯಾಗ ಇದ್ದಾವರು ಉಪ್ಪು ಹೆಚ್ಚಾತು ಅಂತ ಯಾವತ್ತರ ಅಂದಾರೇನು ಮಲ್ಲಣ್ಣ? ಅನ್ನಾವ್ರು ಆ ಹುಡುಗ್ರು. ಮೊದ್ಲು ಅವ್ರಿಗಿ ತೋರಿಸು ಎಡಿ."

"ಸುಮ್ನ ಬುಟ್ಟಿ ಇಳಸು ಯಕ್ಕಾ, ಅಜ್ಜ ಕೇಳಿಸ್ಕೊಂಡಾನು."

"ಕೇಳಿಸ್ಕೊಳ್ಳಲಿ. ಅವಗೂ ಗೊತ್ತದ."

ಅವಳ ಬುಟ್ಟಿಯಲ್ಲಿ ಏನಿದೆಯೋ ಅದೇ ಅವತ್ತಿನ ಪಲ್ಯ. ಪುಂಡಿ ಬಂದರೆ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿ ಬೇಯಿಸಿ, ಕಡಗೋಲಿನಿಂದ ಕಡೆದು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಹುಳಿ ಇದ್ದಲ್ಲಿ ಉಪ್ಪು ಅಡಗುತ್ತದೆ, ಪುಂಡಿಗೆ ಕೈ ಸ್ವಲ್ಪ ಧಾರಾಳ ಇರಬೇಕು. ಕುಸುಬಿ ಕಹಿ; ಕುದಿಸಿ ಹಿಂಡಿ, ಹೆಸರುಬೇಳೆಯ ಜತೆ ಉದುರುದುರಾಗಿ ಮಾಡಬೇಕು, ಉಪ್ಪು ಅರ್ಧ. ಮೆಂತೆಯನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿ ಕಡಲೆಹಿಟ್ಟು ಉದುರಿಸಿದರೆ ಜುಣಕ. ಕಡಲೆಯ ಕುಡಿಯಲ್ಲಿ ಬೆಳಗಿನ ಇಬ್ಬನಿಯ ಹುಳಿ ಇರುತ್ತದೆ, ತೊಳೆಯುವುದಕ್ಕೆ ಹೋದರೆ ಪಲ್ಯದ ಜೀವವೇ ಹೋಯಿತು. ಗೋಳಿ ಲೋಳೆ ಲೋಳೆ. ಬೇಳೆ ಮುಕ್ಕಾಲು ಬೆಂದ ಮೇಲೆ ಹಾಕಿ, ಹುಟ್ಟು ಹೆಚ್ಚು ಆಡಿಸಬಾರದು. ಹಕ್ಕರಕಿಗೆ ಒಲೆಯೇ ಬೇಡ. ತೊಳೆದು ರೊಟ್ಟಿಯ ಮೇಲೆ ಹಸಿಯಾಗಿ ಇಟ್ಟು, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಉಳ್ಳಾಗಡ್ಡಿ. ಎಳ್ಳ ಅಮಾವಾಸ್ಯೆಗೆ ಇವೆಲ್ಲ ಒಟ್ಟಿಗೆ ಒಂದೇ ಹಂಡೆಗೆ ಬಿದ್ದು, ಅವರೆ, ತೊಗರಿ, ಬಟಾಣಿಯ ಹಸಿ ಕಾಳು ಸೇರಿ, ಹುಣಸೆಯ ಹುಳಿಯಲ್ಲಿ ಭಜ್ಜಿ ಆಗುತ್ತಿತ್ತು. ಆ ದಿನ ಬೆಳಗಿನಿಂದ ನಾನು ಉಪ್ಪಿನ ಡಬ್ಬಿಯ ಸುತ್ತಲೇ ತಿರುಗುತ್ತಿದ್ದೆ. ಒಂದೊಂದು ಸೊಪ್ಪಿಗೂ ಒಂದೊಂದು ಉಪ್ಪಿನ ಲೆಕ್ಕ, ಎಲ್ಲ ಕೂಡಿದರೆ ಯಾರ ಲೆಕ್ಕ ಹಿಡಿಯುವುದು? ಆದರೂ ಕೈ ಕೂಡುತ್ತಿತ್ತು. ಹೇಗೆ ಎಂದು ಕೇಳಬೇಡಿ. ಅಜ್ಜ ತೀರಿಕೊಂಡ ಮೇಲೆ ಆ ಕೊಪ್ಪರಿಗೆ ನನ್ನದಾಯಿತು. "ಮಲ್ಲಣ್ಣನ ಉಪ್ಪು" ಎಂದು ಹುಡುಗರು ಅನ್ನುವುದನ್ನು ಒಂದೆರಡು ಸಲ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ. ಇಡೀ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ, ಅದೂ ಕದ್ದು ಕೇಳಿದ್ದು.

ಆಮೇಲೆ ಕಾಲುವೆ ಬಂತು.

ಕಾಲುವೆಗೆ ಬೈದರೆ ನಮ್ಮ ಕಡೆ ಯಾರೂ ಒಪ್ಪುವುದಿಲ್ಲ, ನಾನೂ ಬೈಯುವುದಿಲ್ಲ. ಮೊದಲ ಸಲ ನೀರು ಬಿಟ್ಟಾಗ ದೇವಾಪುರದ ಹೆಂಗಸರ ಜತೆ ನಾನೂ ದಂಡೆಯ ಮೇಲೆ ನಿಂತಿದ್ದೆ. ಭೀಮವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲ ತನಕ ಇಳಿದು ನಿಂತಳು. "ಬಿಂದಿಗಿ ಹೊತ್ತ ಈ ಕುತ್ತಿಗಿಗಿ ಇವತ್ತು ಸೂಟಿ," ಎಂದು ನಕ್ಕಳು. ನಾನೂ ನಕ್ಕೆ. ದಂಡೆ ಕುಸಿದರೆ ಹೇಗೆ ಎಂದು ಆಚೀಚೆ ನೋಡುತ್ತಲೇ ನಕ್ಕೆ.

ನೀರು ಬಂದ ಮೇಲೆ ಜೋಳ ಹೋಯಿತು, ಭತ್ತ ಬಂತು. ಗದ್ದೆಯಲ್ಲಿ ಕಳೆಗೆ ಔಷಧಿ ಹೊಡೆದರು. ಹಕ್ಕರಕಿಯೂ ಗೋಳಿಯೂ ಆ ಔಷಧಿಯ ಲೆಕ್ಕದಲ್ಲಿ ಕಳೆಯೇ. ಅಡುಗೆಮನೆಯೂ ಬದಲಾಯಿತು. ಕಟ್ಟಿಗೆ ಹೋಗಿ ಗ್ಯಾಸ್ ಬಂತು. ಹರಳುಪ್ಪು ಹೋಗಿ ಪ್ಯಾಕೆಟ್ಟಿನ ಪುಡಿ ಉಪ್ಪು ಬಂತು. ರೊಟ್ಟಿ ಬಡಿಯುವ ಹೆಂಗಸರು ಕಡಿಮೆಯಾದರು, ಅನ್ನದ ಹಂಡೆ ದೊಡ್ಡದಾಯಿತು. ಸುತ್ತಲೂ ಎಲ್ಲರೂ ಭತ್ತ ನಾಟಿ ಮಾಡಿದರೂ ಭೀಮವ್ವ ಮಾತ್ರ ತನ್ನ ತುಂಡಿನಲ್ಲಿ ಬೀಜ ಚೆಲ್ಲಿ ಸೊಪ್ಪು ಬೆಳೆಯತೊಡಗಿದಳು. ರಾಜಗಿರಿ, ಪುಂಡಿ, ಮೆಂತೆ, ಪಾಲಕ, ಬದುವಿನಲ್ಲಿ ಗೋಳಿ. ಬೇಸಿಗೆಯಲ್ಲೂ ಬುಟ್ಟಿ ಹಸಿರಾಗಿ ಬರುತ್ತಿತ್ತು. ಎಲೆ ಅಂಗೈಗಿಂತ ಅಗಲ. ನಾನು ನಿಶ್ಚಿಂತನಾಗಿದ್ದ ಕಾಲ ಎಂದರೆ ಅದೇ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಪಂಕ್ತಿಯಲ್ಲಿ ಗುಸುಗುಸು ಹುಟ್ಟಿತು. ನಿಲಯದ ಮ್ಯಾನೇಜರ್ ಸಿದ್ರಾಮಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದರು. ಒಳ್ಳೆಯವರು, ಮೆತ್ತಗೆ ಮಾತಾಡುವವರು. ಅಂಥವರು ಬಾಗಿಲಿಗೆ ಬಂದು ನಿಂತರೆ ಚಿಂತೆ ಹೆಚ್ಚು.

"ಮಲ್ಲಣ್ಣ, ಪಲ್ಯಾ ಜರಾ ಖಾರಿ ಆಗ್ಯಾದ ಅಂತಾರ ಹುಡುಗ್ರು."

"ಖಾರ ಹೆಚ್ಚಾತೇನ್ರಿ?"

"ಖಾರ ಅಲ್ಲೋ ಮಾರಾಯ, ಖಾರಿ. ಉಪ್ಪು."

ಕೊನೆಗೆ ನಾನು ಉಣ್ಣಲು ಕೂತಾಗ ನೋಡಿದೆ. ಹೌದು, ಒಂದು ಬೊಗಸೆ ಹೆಚ್ಚು ಬಿದ್ದ ಹಾಗಿತ್ತು. ಪುಡಿ ಉಪ್ಪಿನ ತಪ್ಪು ಎಂದುಕೊಂಡೆ. ಹರಳಿಗೆ ಪಳಗಿದ ಕೈ ಪುಡಿಯಲ್ಲಿ ಜಾರುತ್ತದೆ. ಮರುದಿನ ಕಡಿಮೆ ಹಾಕಿದೆ. ಮತ್ತೆ ಉಪ್ಪು. ಇನ್ನೂ ಕಡಿಮೆ ಮಾಡಿದೆ. ಅಷ್ಟರಲ್ಲಿ ಭೀಮವ್ವ ಬೀಗರ ಊರಿಗೆ ಹೋದಳು, ನಾಲ್ಕು ದಿನ ಶಹಾಪುರದ ಸಂತೆಯಿಂದ ಸೊಪ್ಪು ಬಂತು. ಅದೇ ಕಡಿಮೆ ಉಪ್ಪು ಹಾಕಿದರೆ ಪಲ್ಯ ಹುಲ್ಲು ತಿಂದ ಹಾಗೆ ಸಪ್ಪೆ. ಅವಳು ಮರಳಿ ಬಂದಳು, ನಾನು ಉಪ್ಪು ಏರಿಸಿದೆ, ಪಲ್ಯ ಬಾಯಿಗಿಡದಂತಾಯಿತು. ಒಂದು ದಿನ ಸಪ್ಪೆ, ಒಂದು ದಿನ ಕಹಿಯಾಗುವಷ್ಟು ಉಪ್ಪು. ಅನ್ನ, ಸಾರು, ಜುಣಕದ ಹಿಟ್ಟು ಎಲ್ಲ ಸರಿಯಿದ್ದು ಸೊಪ್ಪೊಂದೇ ಕೈ ತಪ್ಪುತ್ತಿತ್ತು. ರಾಶಿ ನೋಡಿ ಉಪ್ಪು ಸುರಿದ ಆ ಮೊದಲ ವಾರದ ಹುಡುಗ ಮತ್ತೆ ನನ್ನೊಳಗೆ ಬಂದು ಕೂತಿದ್ದಾನೆ ಎಂದುಕೊಂಡೆ. ಈಗ ಅವನನ್ನು ಬೈಯಲು ಅಜ್ಜನೂ ಇಲ್ಲ.

ರೊಟ್ಟಿ ಬಡಿಯುವ ಶಾಂತವ್ವ ಹಿಟ್ಟು ನಾದುತ್ತಲೇ ಹೇಳಿದಳು: "ಮಲ್ಲಣ್ಣ, ನಿನಗ ನಾಲಿಗಿ ರೋಗ ಆಗಿರಬೇಕು. ನಮ್ಮ ಮಾವಗ ಹಿಂಗ ಆಗಿತ್ತು."

"ಆಮ್ಯಾಲ ಏನಾತು?"

"ಏನಾಗ್ತದ, ಹೋದ."

ಯಾದಗಿರಿಗೆ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ನಾಲಿಗೆ ಹೊರಗೆ ಹಾಕಿಸಿ, ಟಾರ್ಚ್ ಬಿಟ್ಟು, ಒಂದು ಹತ್ತಿಯಲ್ಲಿ ಸಕ್ಕರೆ ನೀರು, ಇನ್ನೊಂದರಲ್ಲಿ ಉಪ್ಪು ನೀರು ಹಚ್ಚಿ ಕೇಳಿದರು. ಎರಡನ್ನೂ ಸರಿಯಾಗಿ ಹೇಳಿದೆ.

"ನಾಲಿಗಿ ಛಲೋ ಅದ," ಎಂದರು. ಆಮೇಲೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ ಮುಖ ಗಂಟಿಕ್ಕಿದರು. "ಬಿ.ಪಿ. ಏರ್ಯಾದ. ಏನರ ಚಿಂತಿ ಮಾಡ್ತೀರೇನು?"

"ಇಲ್ರಿ," ಎಂದೆ. ನನ್ನ ಜೀವನದಲ್ಲಿ ಹೇಳಿದ ದೊಡ್ಡ ಸುಳ್ಳು ಅದು.

"ಉಪ್ಪು ಕಡಿಮಿ ಮಾಡ್ರಿ," ಎಂದರು.

ಅದನ್ನೇ ಅಲ್ಲವೇ ನಾನು ಮಾಡುತ್ತಿದ್ದುದು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನಾಲಿಗೆ ಸರಿಯಿದ್ದರೆ ಕೆಟ್ಟಿರುವುದು ಕೈ. ಕೈಗೆ ಡಾಕ್ಟರು ಎಲ್ಲಿದ್ದಾರೆ?

ಮಠದ ಕಮಿಟಿಯವರು ಬರುವ ದಿನ ಗೊತ್ತಾಯಿತು. ನನ್ನನ್ನು ಒಲೆಯ ಮುಂದಿನಿಂದ ತೆಗೆದು ಉಗ್ರಾಣಕ್ಕೆ ಹಾಕುವ ಮಾತಿದೆ ಎಂದು ಸಿದ್ರಾಮಪ್ಪನವರೇ ಹೇಳಿದರು. ಅವತ್ತು ಭೀಮವ್ವ ಗೋಳಿ ಮತ್ತು ರಾಜಗಿರಿ ತಂದಿದ್ದಳು. ಬೇಳೆ ಹಾಕದೆ ಬರೀ ಸೊಪ್ಪಿನ ಒಣ ಪಲ್ಯ ಮಾಡಿದೆ. ಸೊಪ್ಪು ಕುಗ್ಗಿತು, ಸದ್ದು ಬದಲಾಯಿತು, ಉಪ್ಪಿನ ಹೊತ್ತು ಬಂತು. ಡಬ್ಬಿಯಲ್ಲಿ ಕೈ ಇಟ್ಟೆ. ಕೈ ಹೊರಗೆ ತೆಗೆದು ಮುಚ್ಚಳ ಮುಚ್ಚಿಬಿಟ್ಟೆ. ಸಪ್ಪೆಯಾದರೆ ಆಗಲಿ, ಮೇಲೆ ಹಾಕಿಕೊಳ್ಳಬಹುದು, ಹಾಕಿದ್ದನ್ನು ತೆಗೆಯಲಾಗದು. ಎಡೆ ತೋರಿಸಿದರು. ಪಂಕ್ತಿಯ ನಡುವೆ ಬಟ್ಟಲಲ್ಲಿ ಉಪ್ಪು ಇಟ್ಟು, "ಬೇಕಾದವರು ಹಾಕ್ಕೊಳ್ರಿ" ಎಂದು ಹೇಳಿ ಬಾಗಿಲ ಹಿಂದೆ ನಿಂತೆ.

ಯಾರೂ ಬಟ್ಟಲು ಮುಟ್ಟಲಿಲ್ಲ. ಕಮಿಟಿಯ ಹಿರಿಯರೊಬ್ಬರು ಪಲ್ಯ ಎರಡನೆಯ ಸಲ ಹಾಕಿಸಿಕೊಂಡರು. "ಏನ್ ಸಿದ್ರಾಮಪ್ಪ, ಕೈ ಹೋಗ್ಯಾದ ಅಂದಿದ್ದಿ? ಮಸ್ತ್ ಮಾಡ್ಯಾನಲ್ಲ."

ನಾನು ಒಳಗೆ ಹೋಗಿ ಶಾಂತವ್ವನನ್ನು ಕೇಳಿದೆ. ಗ್ಯಾಸ್ ನೋಡಿಕೊಳ್ಳುವವನನ್ನು ಕೇಳಿದೆ. ಬಡಿಸಿದವರನ್ನು ಕೇಳಿದೆ. ಯಾರೂ ಉಪ್ಪು ಹಾಕಿರಲಿಲ್ಲ. ಎಲ್ಲರದೂ ಆದ ಮೇಲೆ ಉಣ್ಣಲು ಕೂತು ಮೊದಲ ತುತ್ತು ಬಾಯಿಗಿಟ್ಟೆ. ಉಪ್ಪು ಸರಿಯಾಗಿತ್ತು.

ಅವತ್ತು ಸಂಜೆಯೇ ದೇವಾಪುರಕ್ಕೆ ಹೋದೆ. ಭೀಮವ್ವ ಹೊಲದಲ್ಲಿದ್ದಳು. ಸುತ್ತಲೂ ಎತ್ತರದಲ್ಲಿ ಭತ್ತದ ಗದ್ದೆಗಳು, ನೀರು ತುಂಬಿ ಹೊಳೆಯುತ್ತಿದ್ದವು. ನಡುವೆ ತಗ್ಗಿನಲ್ಲಿ ಅವಳ ತುಂಡು. ಮೇಲಿನ ಗದ್ದೆಗಳ ನೀರೆಲ್ಲ ನೆಲದೊಳಗಿಂದ ಬಸಿದು ಅಲ್ಲಿಗೇ ಬರುತ್ತಿತ್ತು. ಒಂದು ಮೂಲೆಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ ಕಟ್ಟಿತ್ತು. ನಾನು ಬಗ್ಗಿ ರಾಜಗಿರಿಯ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡೆ. ಆಮೇಲೆ ಗೋಳಿಯ ಒಂದು ಕುಡಿ.

"ಏನಣ್ಣ, ಆಕಳಾಗೀಯೇನು?" ಎಂದಳು.

"ಯಕ್ಕಾ, ನೀ ಮನ್ಯಾಗ ಈ ಪಲ್ಯಾ ಮಾಡ್ದಾಗ ಉಪ್ಪು ಎಷ್ಟು ಹಾಕ್ತಿ?"

"ಎಷ್ಟಂದ್ರ? ನಿಮ್ಮಂಗ ಕಣ್ಣು ಮುಚ್ಚಿ ಹಾಕ್ತೀನೇನು? ಕುದಿಯಾಗ ಬೆರಳ ಅದ್ದಿ ನೋಡ್ತೀನಿ. ಸಾಕನಿಸ್ತದ, ಬಿಡ್ತೀನಿ."

"ಈಗ ಎಷ್ಟು ದಿನಾತು ಉಪ್ಪಿನ ಡಬ್ಬಿ ಮುಟ್ಟಿ?"

ಅವಳು ಯೋಚಿಸಿದಳು. ದಿನಾ ರುಚಿ ನೋಡಿ, ದಿನಾ ಒಂದು ಚಿಟಿಕೆ ಕಡಿಮೆ ಹಾಕುತ್ತ ಬಂದವಳಿಗೆ ಅದು ಕಡಿಮೆಯಾಗುತ್ತಿದೆ ಎಂದೇ ಗೊತ್ತಾಗಿರಲಿಲ್ಲ. ರುಚಿ ನೋಡದೆ ಹಾಕುವ ನನ್ನಂಥವನ ಅಡುಗೆಮನೆಯಲ್ಲೇ ಅದು ಸಿಕ್ಕಿಬೀಳಬೇಕಿತ್ತು. ಅವಳ ಮುಖ ಮೆಲ್ಲಗೆ ಬದಲಾಯಿತು. ತಾನೂ ಒಂದು ಎಲೆ ಕಿತ್ತು ಅಗಿದಳು. ಆಮೇಲೆ ಆ ಬಿಳಿ ಮೂಲೆಯ ಕಡೆ ನೋಡಿದಳು.

"ಅದು ಸವಳು, ನೆಲದ ಉಪ್ಪು ಮ್ಯಾಲ ಎದ್ದದ್ದು ಅಂತ ಗೊತ್ತಿತ್ತು," ಎಂದಳು. "ಮೂಲ್ಯಾಗಷ್ಟ ಅದ ಅಂತ ಮಾಡಿದ್ದೆ. ಎಲಿಯೊಳಗ ಬಂದದ ಅಂತ ಗೊತ್ತಿದ್ದಿಲ್ಲ."

ಕೈ ಹೋಗಿಲ್ಲ ಎಂದು ತಿಳಿದ ದಿನ ನಾನು ಕುಣಿಯಬೇಕಿತ್ತು. ಬರುವ ದಾರಿಯಲ್ಲಿ ನನಗೆ ಅನಿಸಿದ್ದು, ಹೊಲದ ಬದಲು ಕೈಯೇ ಹೋಗಬಾರದಿತ್ತೇ ಎಂದು. ಕೈ ಹೋದವನನ್ನು ಉಗ್ರಾಣಕ್ಕೆ ಹಾಕಬಹುದು. ಹೊಲವನ್ನು ಎಲ್ಲಿಗೆ ಹಾಕುವುದು?

ಸಿದ್ರಾಮಪ್ಪನವರಿಗೆ ಹೇಳಬೇಕೆಂದು ಭೀಮವ್ವನೇ ಹೇಳಿದಳು. "ಮುಚ್ಚಿಟ್ಟು ತರೂದು ನನಗ ಬ್ಯಾಡ." ಹೇಳಿದೆ. ಅವರು "ಸಂತಿ ಸೊಪ್ಪು ತರಸೋದ ಛಲೋ ಅಲ್ಲೇನು ಮಲ್ಲಣ್ಣ?" ಎಂದರು. ಬಸಿಗಾಲುವೆ ತೋಡುವ ಮಾತು ನಡೆದಿದೆ, ಅದು ಆದರೆ ಉಪ್ಪು ತೊಳೆದುಹೋಗುತ್ತದೆ, ಅಲ್ಲಿ ತನಕ ನಾನು ಹೇಗಾದರೂ ಹೊಂದಿಸುತ್ತೇನೆ ಎಂದೆ. ನಾನು ಯಾರಿಗಾದರೂ ಧೈರ್ಯ ಹೇಳಿದ್ದು ಅದೊಂದೇ ಸಲ. ಅವರೂ ಬಹುಶಃ ಆಶ್ಚರ್ಯದಿಂದಲೇ ಒಪ್ಪಿದರು.

ಅಲ್ಲಿಂದ ನಮ್ಮ ಹೊಸ ಪದ್ಧತಿ ಶುರುವಾಯಿತು. ಇದು ಯಾವ ಅಡುಗೆಯ ಪುಸ್ತಕದಲ್ಲೂ ಸಿಗದು, ನಿಮಗೂ ಬೇಕಾಗದಿರಲಿ. ಭೀಮವ್ವ ಬೆಳಿಗ್ಗೆ ಬುಟ್ಟಿ ತಂದಾಗ ಪ್ರತಿಯೊಂದು ಸೊಪ್ಪಿನ ಒಂದೊಂದು ಎಲೆಯನ್ನು ಬೇರೆಯಾಗಿ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಬುಟ್ಟಿಯದನ್ನು ತಿಂದರೆ ಎಡೆಗೆ ಎಂಜಲು. ಗಂಟಿನದು ಎಡೆಗೆ ಹೋಗುವುದಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ಅವನ್ನು ನಾನು ಅಗಿಯುತ್ತಿದ್ದೆ. ಅಗಿದು ಉಗುಳಿ, ಬಾಯಿ ತೊಳೆದು, ಒಳಗೆ ಹೋಗಿ ಅಷ್ಟಕ್ಕೆ ತಕ್ಕ ಉಪ್ಪು.

"ಇವತ್ತು ಹೆಂಗದ?"

"ರಾಜಗಿರಿ ಅರ್ಧ ಉಪ್ಪು ತಾನ ತಂದದ. ಪುಂಡಿ ಇನ್ನಾ ಪಾಪದ್ದು, ಬರೇ ಹುಳಿ."

"ಪುಂಡಿಗಿ ಬುದ್ಧಿ ಅದ. ನನ್ನಂಗ."

ಕೆಲಸ ನಡೆಯಿತು. ಪಂಕ್ತಿಯಲ್ಲಿ ಗುಸುಗುಸು ನಿಂತಿತು. ಮಳೆಗಾಲದಲ್ಲಿ ಎಲೆಯ ಉಪ್ಪು ಇಳಿಯುತ್ತಿತ್ತು, ಆಗ ಇಬ್ಬರೂ ಏನೋ ಗೆದ್ದವರ ಹಾಗೆ ಮಾತಾಡುತ್ತಿದ್ದೆವು. ಬೇಸಿಗೆಯಲ್ಲಿ ಮತ್ತೆ ಏರುತ್ತಿತ್ತು, ಹಿಂದಿನ ಬೇಸಿಗೆಗಿಂತ ಸ್ವಲ್ಪ ಹೆಚ್ಚು. ಉಪ್ಪು ಕಡಿಮೆ ಮಾಡುತ್ತ ಮಾಡುತ್ತ ಹಾಕುವುದನ್ನೇ ಬಿಟ್ಟೆ. ಅದೂ ಸಾಲದಾದಾಗ ಸೊಪ್ಪನ್ನು ಕುದಿಸಿ ನೀರು ಬಸಿಯತೊಡಗಿದೆ. ಸೊಪ್ಪಿನ ಸತ್ವವೆಲ್ಲ ಮೋರಿಗೆ ಹೋಗುವುದನ್ನು ದಿನಾ ನೋಡುತ್ತ ನಿಲ್ಲುತ್ತಿದ್ದೆ. ಆಮೇಲೆ ಬೇಳೆ ಹೆಚ್ಚು, ಸೊಪ್ಪು ಕಡಿಮೆ. ಆಮೇಲೆ ಹುಣಸೆಹುಳಿ, ಬೆಲ್ಲ, ಕಡಲೆಹಿಟ್ಟು, ಏನೆಲ್ಲ. ನನಗೆ ಗೊತ್ತಿದ್ದ ಅಡುಗೆಗಳೆಲ್ಲ ಉಪ್ಪು ಅಡಗಿಸುವ ಉಪಾಯಗಳಾದವು.

ಅವಳ ಬುಟ್ಟಿಯೂ ಸಣ್ಣದಾಗುತ್ತ ಬಂತು. ಮೊದಲು ಮೆಂತೆ ಮೊಳೆಯಲಿಲ್ಲ. ಆಮೇಲೆ ಬುದ್ಧಿ ಇದ್ದ ಪುಂಡಿ ಹಳದಿಯಾಗಿ ಕೂತಿತು. ರಾಜಗಿರಿ ಗೇಣಿಗಿಂತ ಎತ್ತರ ಏಳಲಿಲ್ಲ. ಕೊನೆಗೆ ಗೋಳಿಯೊಂದೇ. ಅದಕ್ಕೆ ಉಪ್ಪಿನ ನೆಲವೂ ಒಂದೇ, ಒಳ್ಳೆಯ ನೆಲವೂ ಒಂದೇ. ಬಸಿಗಾಲುವೆಗೆ ಎಂದು ಇಲಾಖೆಯವರು ಬಂದು ಅಳತೆ ಮಾಡಿದರು, ಗೂಟ ನೆಟ್ಟರು, ಹೋದರು. ಗೂಟದ ಬುಡವೂ ಬೆಳ್ಳಗಾಯಿತು.

"ನೀನೂ ಭತ್ತಾ ಹಾಕು ಯಕ್ಕಾ, ನೀರು ನಿಲ್ಲಿಸಿದ್ರ ಉಪ್ಪು ಕೆಳಗ ಇಳೀತದಂತ," ಎಂದೆ ಒಮ್ಮೆ. ಯಾರೋ ಹೇಳಿದ್ದನ್ನು ಹೇಳಿದೆ.

"ಹಾಕಿದ್ದೆನಲ್ಲ ಹ್ವಾದ ವರ್ಷ. ಸಸಿ ಸುಟ್ಟಂಗ ಆತು. ನಿನಗ ಹೇಳಲಿಲ್ಲ," ಎಂದಳು. "ಹೇಳಿದ್ರ ಮತ್ತ ಯಾದಗಿರಿ ಡಾಕ್ಟರ ಕಡಿ ಓಡ್ತಿದ್ದಿ."

ನನ್ನ ನೌಕರಿಯ ಕೊನೆಯ ಬೇಸಿಗೆಯ ಒಂದು ಬೆಳಿಗ್ಗೆ ಅವಳು ಬಂದಾಗ ಬುಟ್ಟಿಯ ತಳ ಮುಚ್ಚುವಷ್ಟು ಗೋಳಿ ಇತ್ತು. ಸೆರಗಿನ ಗಂಟು ಬಿಚ್ಚಿ ಒಂದು ಕುಡಿ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ಅಗಿಯಲಾಗಲಿಲ್ಲ. ಉಪ್ಪಿನ ಹರಳನ್ನೇ ಬಾಯಲ್ಲಿಟ್ಟ ಹಾಗೆ ನಾಲಿಗೆ ಮುದುಡಿತು. ಉಗುಳಿದರೆ ಅವಳಿಗೆ ಗೊತ್ತಾಗುತ್ತದೆ ಎಂದು ಉಗುಳದೆ ನಿಂತೆ. ನುಂಗಲೂ ಆಗಲಿಲ್ಲ. ಹೇಳಲು ಏನಾದರೂ ಸಿಗುತ್ತದೋ ಎಂದು ಹುಡುಕಿದೆ. ಎರಡು ಸಲ ಬಸಿಯುತ್ತೇನೆ ಎನ್ನಲೇ? ಆಲೂಗಡ್ಡೆ ಕೂಡಿಸುತ್ತೇನೆ ಎನ್ನಲೇ?

ಭೀಮವ್ವ ನನ್ನ ಮುಖ ನೋಡುತ್ತಿದ್ದಳು. "ಹೆಂಗದ?" ಎಂದು ಕೇಳಲಿಲ್ಲ.

"ಉಗುಳಣ್ಣ," ಎಂದಳು. "ಬಿ.ಪಿ. ಏರ್ತದ."

ಉಗುಳಿದೆ. ಅವಳು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಬುಟ್ಟಿಯನ್ನು ತಾನೇ ಎತ್ತಿಕೊಂಡಳು. ನಾನು ಕೈ ಹಚ್ಚಲು ಹೋದೆ. "ಏನ್ ಭಾರ ಅದ ಅಂತ ಹಚ್ತಿ?" ಎಂದಳು.

"ನಾಳಿ?" ಎಂದೆ.

"ನಾಳಿಂದ ಮ್ಯಾಲಿನ ಗದ್ದಿಗಿ ನಾಟಿ ಹಚ್ಚಾಕ ಹೋಗ್ತೀನಿ. ಹೇಳಿ ಕಳಿಸ್ಯಾರ," ಎಂದಳು. ಅವಳ ಹೊಲಕ್ಕೆ ನೀರು ಬಸಿದುಬರುತ್ತಿದ್ದುದು ಅದೇ ಗದ್ದೆಯಿಂದ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವತ್ತು ಪಲ್ಯ ಆಗಲಿಲ್ಲ. ಶಹಾಪುರಕ್ಕೆ ಹೋಗಿ ತರುವಷ್ಟು ಹೊತ್ತಿರಲಿಲ್ಲ, ಬೇರೆ ಸೊಪ್ಪು ಇರಲಿಲ್ಲ. ನಾನು ಆ ಅಡುಗೆಮನೆಗೆ ಬಂದ ಮೇಲೆ ಗದ್ದುಗೆಗೆ ಸೊಪ್ಪಿಲ್ಲದ ಎಡೆ ಹೋದದ್ದು ಅದೇ ಮೊದಲು. ಅನ್ನ, ಸಾರು, ಒಂದು ಬದನೆಕಾಯಿ ಗೊಜ್ಜು. ಪಂಕ್ತಿ ಕೂರುವ ಮೊದಲೇ ಸಿದ್ರಾಮಪ್ಪನವರಿಗೆ ಏನು ಹೇಳಬೇಕು, ಹುಡುಗರಿಗೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಂಡು ಬಾಗಿಲ ಹಿಂದೆ ನಿಂತೆ. ದೇವಾಪುರದ ಆ ಹೊಲದ ಸೊಪ್ಪು ಮುಗಿಯಿತು ಎನ್ನಬೇಕೆಂದಿದ್ದೆ. ಹೇಗೆ ಮುಗಿಯಿತು ಎಂದೂ ಹೇಳಬೇಕೆಂದಿದ್ದೆ. ನಾಲಿಗೆಯ ಮೇಲೆ ಇನ್ನೂ ಆ ಕುಡಿಯ ಉಪ್ಪು ಇತ್ತು.

ಹುಡುಗರು ಬಂದು ಕೂತರು. ಬಡಿಸುವವರು ಅನ್ನ ಹಾಕಿದರು, ಸಾರು ಹಾಕಿದರು. ತಾಟಿನಲ್ಲಿ ಪಲ್ಯದ ಜಾಗ ಖಾಲಿ ಇತ್ತು. ಒಬ್ಬ ಕೈ ಎತ್ತಿದ. ಬಾಗಿಲಿನಿಂದ ಮುಂದೆ ಬಂದೆ.

"ಮಲ್ಲಣ್ಣ, ಇನ್ನಾ ಜರಾ ಸಾರು ಹಾಕಸ್ರಿ," ಎಂದ.

ಹಾಕಿಸಿದೆ. ಪಂಕ್ತಿಯ ಕೊನೆಯ ತನಕ ನಿಂತು ಕಾಯ್ದೆ. ಪಲ್ಯ ಎಲ್ಲಿ ಎಂದು ಯಾರೂ ಕೇಳಲಿಲ್ಲ.